ಆಸ್ಪತ್ರೆಯ ಕಂತು, ಮಗಳ ಕಾಲೇಜು

ಕುಂಬಳೆ ಸಮೀಪದ ಅಡಕೆ ಕೃಷಿಕರೊಬ್ಬರ ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ, ಪ್ಲಸ್ ಟುವಿನಲ್ಲಿ ಉತ್ತಮ ಅಂಕ ಗಳಿಸಿ, ಮಂಗಳೂರಿನಲ್ಲಿ ನರ್ಸಿಂಗ್ ಸೀಟು ಪಡೆದಳು. ಶಿಕ್ಷಣ ಸಾಲಕ್ಕೆ ಅರ್ಜಿ ಸಲ್ಲಿಸಿದಾಗ ಬ್ಯಾಂಕಿನ ಅಧಿಕಾರಿ ಅದನ್ನು ಬದಿಗಿರಿಸಿದರು. ಸಹಸಾಲಗಾರರಾಗಬೇಕಿದ್ದ ತಂದೆಯ ಹೆಸರಿನಲ್ಲಿ ₹41,000 ಬಾಕಿ ದಾಖಲಾಗಿತ್ತು. ಸೇವಾ ಸಹಕಾರಿ ಬ್ಯಾಂಕಿನ ಬೆಳೆ ಸಾಲವಲ್ಲದೆ ಬೇರೆ ಸಾಲವನ್ನೇ ಅರಿಯದ ಆ ಕೃಷಿಕರಿಗೆ ಇದು ಯಾವ ಬಾಕಿಯೆಂದು ತಿಳಿಯಲು ಎರಡು ದಿನ ಹಿಡಿಯಿತು.

ಎರಡು ವರ್ಷಗಳ ಹಿಂದೆ ಅವರ ಪತ್ನಿಗೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ಬಿಡುಗಡೆಯ ದಿನ ವಿಮೆಯ ಒಪ್ಪಿಗೆ ಬಂದಿರಲಿಲ್ಲ. ‘ಬಡ್ಡಿಯಿಲ್ಲದ ಕಂತು’ ಇದೆಯೆಂದು ಕೌಂಟರಿನವರು ಹೇಳಿದರು; ಮೊಬೈಲಿಗೆ ಬಂದ ಒಟಿಪಿಯನ್ನು ಇವರು ಓದಿ ಹೇಳಿದರು. ಆ ಆರು ಅಂಕಿಗಳೇ ಹಣಕಾಸು ಕಂಪನಿಯೊಂದರ ಸಾಲಪತ್ರಕ್ಕೆ ಅವರ ಸಹಿಯಾಯಿತು. ಹದಿನೈದು ದಿನಗಳಲ್ಲಿ ವಿಮೆಯ ಹಣ ಆಸ್ಪತ್ರೆಗೆ ಬಂತು. ‘ಇನ್ನು ನೀವು ಕಟ್ಟಬೇಕಾಗಿಲ್ಲ’ ಎಂದು ಯಾರೋ ಫೋನಿನಲ್ಲಿ ಹೇಳಿದ್ದನ್ನು ನಂಬಿ ಇವರು ಖಾತೆಯಲ್ಲಿ ಹಣವಿಡುವುದನ್ನು ನಿಲ್ಲಿಸಿದರು. ಅನಂತರ ಹಿಂದಿಯಲ್ಲಿ ಬರತೊಡಗಿದ ವಸೂಲಿ ಕರೆಗಳನ್ನು ಮೋಸದ ಕರೆಗಳೆಂದು ತುಂಡರಿಸಿದರು. ಈ ಕಾಲದಲ್ಲಿ ಹಾಗೆ ಭಾವಿಸಿದ್ದು ಆಶ್ಚರ್ಯವಲ್ಲ. ಆದರೆ ಬಾಯಿಮಾತನ್ನು ನಂಬಿದ್ದು ಅವರ ತಪ್ಪೇ. ಸಾಲದ ಕರಾರು ಇದ್ದದ್ದು ಹಣಕಾಸು ಕಂಪನಿಯೊಡನೆ, ಆಸ್ಪತ್ರೆಯೊಡನೆ ಅಲ್ಲ.

ಈ ಭೇದವೇ ಇಲ್ಲಿ ಮುಖ್ಯ. ಆಸ್ಪತ್ರೆಗೆ ನೇರವಾಗಿ ಉಳಿಸಿಕೊಂಡ ಬಿಲ್ಲು ಸಿಬಿಲ್ ಮೊದಲಾದ ಸಾಲಮಾಹಿತಿ ಕಂಪನಿಗಳ ದಾಖಲೆಗೆ ಹೋಗುವುದಿಲ್ಲ. ಆಸ್ಪತ್ರೆ ಸಾಲ ಕೊಡುವ ಸಂಸ್ಥೆಯಲ್ಲ. ಅದೇ ಬಿಲ್ಲು ಕಂತಿನ ಸಾಲವಾಗಿಯೋ ಕ್ರೆಡಿಟ್ ಕಾರ್ಡಿನ ಬಾಕಿಯಾಗಿಯೋ ಮಾರ್ಪಟ್ಟರೆ ನಿಯಮಿತವಾಗಿ ದಾಖಲಾಗುತ್ತದೆ. ವಸೂಲಿಗಾರನಿಗಂತೂ ಸ್ವಂತ ಅಧಿಕಾರವಿಲ್ಲ. ಆತ ಸಾಲದಾತನ ಪ್ರತಿನಿಧಿ ಮಾತ್ರ. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಆತ ಬಾಕಿಗಾಗಿ ಕರೆ ಮಾಡುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ ವಿಧಿಸಿದೆ.

ವಿಷಯ ತಿಳಿದೊಡನೆ ಕೃಷಿಕರು ವಸೂಲಿಗಾರನಿಗೆ ತಾವೇ ಕರೆ ಮಾಡಿದರು. ‘₹15,000 ಕೊಡಿ, ಮುಗಿಸಿಬಿಡೋಣ’ ಎಂದನಾತ. ಮಗಳ ಪ್ರವೇಶದ ದಿನ ಹತ್ತಿರವಾಗುತ್ತಿರುವಾಗ ಯಾವ ತಂದೆಯೂ ಒಪ್ಪಿಬಿಡುವ ಮಾತದು. ಒಪ್ಪಿದ್ದರೆ ದಾಖಲೆಯಲ್ಲಿ ಆ ಸಾಲ ‘ಮುಕ್ತಾಯ’ ಎನಿಸದೆ ‘ಸೆಟಲ್ಡ್’ ಎನಿಸುತ್ತಿತ್ತು. ಪೂರ್ತಿ ಕಟ್ಟಲಾಗದೆ ರಾಜಿಯಾದವನೆಂದು ಅದರ ಅರ್ಥ. ಮುಂದಿನ ಪ್ರತಿಯೊಬ್ಬ ಬ್ಯಾಂಕ್ ಅಧಿಕಾರಿಯ ಕಣ್ಣಿಗೂ ಅದು ಬೀಳುತ್ತಿತ್ತು. ಅಲ್ಲದೆ, ಬಾಕಿಯ ಭಾಗಶಃ ಪಾವತಿ ಕಾಲಮಿತಿ ಕಾಯಿದೆಯ ಮೂರು ವರ್ಷದ ಗಡುವನ್ನು ಹೊಸದಾಗಿ ಆರಂಭಿಸಬಲ್ಲುದು. ತಕರಾರು ಇರುವ ಸಾಲಕ್ಕೆ ‘ಸದ್ಯಕ್ಕೆ ಸ್ವಲ್ಪ’ ಕಟ್ಟುವುದು ಎಷ್ಟೋ ಕುಟುಂಬಗಳು ಮಾಡುವ ದುಬಾರಿ ಉಪಕಾರ.

ಅದೃಷ್ಟವಶಾತ್ ಅವರು ಹಣ ಕೊಡುವ ಮೊದಲು ಕಾಗದ ಬರೆದರು. ಪ್ರತಿಯೊಂದು ಸಾಲಮಾಹಿತಿ ಕಂಪನಿಯೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅದನ್ನು ಅಕ್ಷಯ ಕೇಂದ್ರದಲ್ಲಿ ತೆಗೆಸಿಕೊಂಡರು. ವಿಮಾ ಕಂಪನಿಯಿಂದ ಪಾವತಿಯ ದಿನಾಂಕ, ಮೊತ್ತಗಳ ಪತ್ರ ಪಡೆದರು. ಅದನ್ನು ಲಗತ್ತಿಸಿ ಆಸ್ಪತ್ರೆಯ ಲೆಕ್ಕವಿಭಾಗಕ್ಕೂ ಹಣಕಾಸು ಕಂಪನಿಯ ದೂರು ಅಧಿಕಾರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆದರು. ಕಂಪನಿಗೆ ಬರೆದದ್ದು ಕನ್ನಡದಲ್ಲೇ, ಜತೆಗೊಂದು ಇಂಗ್ಲಿಷ್ ಪ್ರತಿ. ಸಾಲಗಾರನೊಡನೆ ನಡೆಸುವ ಪತ್ರವ್ಯವಹಾರ ಸ್ಥಳೀಯ ಭಾಷೆಯಲ್ಲಿ ಅಥವಾ ಆತನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂಬುದು ಹಣಕಾಸು ಕಂಪನಿಗಳಿಗೆ ರಿಸರ್ವ್ ಬ್ಯಾಂಕ್ ವಿಧಿಸಿದ ನ್ಯಾಯಯುತ ವ್ಯವಹಾರ ಸಂಹಿತೆಯಲ್ಲೇ ಇದೆ. ಗಡಿನಾಡಿನ ಕನ್ನಡಿಗರು ಈ ಹಕ್ಕನ್ನು ಕೇಳುವುದೇ ಅಪರೂಪ.

ಸಾಲಮಾಹಿತಿ ಕಂಪನಿಗೂ ತಕರಾರು ಸಲ್ಲಿಸಿದರು. 2005ರ ಸಾಲಮಾಹಿತಿ ಕಂಪನಿಗಳ ಕಾಯಿದೆಯಂತೆ ತಪ್ಪು ನಮೂದನ್ನು ತಿದ್ದಿಸುವ ಹಕ್ಕು ಸಾಲಗಾರನಿಗಿದೆ. ದೂರು 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ಮುಂದಿನ ಪ್ರತಿ ದಿನಕ್ಕೆ ₹100ರಂತೆ ದೂರುದಾರನಿಗೆ ಪರಿಹಾರ ಸಲ್ಲಬೇಕೆಂಬ ನಿಯಮ 2024ರ ಏಪ್ರಿಲಿನಿಂದ ಜಾರಿಯಲ್ಲಿದೆ. ಅಲ್ಲಿಯೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು.

ಇತ್ತ, ಸಿಬಿಲ್ ಅಂಕ ಕಡಿಮೆಯೆಂಬ ಒಂದೇ ಕಾರಣಕ್ಕೆ ವಿದ್ಯಾರ್ಥಿಯ ಶಿಕ್ಷಣ ಸಾಲವನ್ನು ನಿರಾಕರಿಸಲಾಗದೆಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿರುವುದನ್ನು ಬ್ಯಾಂಕಿಗೆ ಲಿಖಿತವಾಗಿ ತಿಳಿಸಲಾಯಿತು. ಅಧಿಕಾರಿ ಓದಿ, ಮೇಲಿನ ಕಚೇರಿಗೆ ಕಳುಹಿಸುವುದಾಗಿ ಹೇಳಿದರು. ತೀರ್ಪು ಶಾಖೆಯ ಮೇಜಿನವರೆಗೆ ಬರಲು ಸಮಯ ಬೇಕು.

ಆಸ್ಪತ್ರೆಯ ಲೆಕ್ಕದಲ್ಲಿ ವಿಮೆಯ ಹಣ ರೋಗಿಯ ಹೆಸರಿನಲ್ಲೇ ಜಮೆಯಾಗಿ ಬಿದ್ದುಕೊಂಡಿತ್ತು. ಅದು ಹಣಕಾಸು ಕಂಪನಿಗೆ ಮರಳಿತು, ಸಾಲ ರದ್ದಾಯಿತು, ಬಾಕಿ ಇಲ್ಲವೆಂಬ ಪತ್ರ ಕೈಸೇರಿತು. ದಾಖಲೆ ತಿದ್ದುಪಡಿಯಾದದ್ದು ದೂರು ಕೊಟ್ಟ 36ನೆಯ ದಿನ. ಆರು ದಿನಗಳ ವಿಳಂಬಕ್ಕೆ ₹600 ಖಾತೆಗೆ ಬಂತು; ಶಿಕ್ಷಣ ಸಾಲವೂ ಮಂಜೂರಾಯಿತು. ಅಷ್ಟರಲ್ಲಿ ಕಾಲೇಜಿನ ಮೊದಲ ಶುಲ್ಕದ ಗಡುವು ಮುಗಿದು, ತಾಯಿಯ ಎರಡು ಬಳೆಗಳು ಸಹಕಾರಿ ಬ್ಯಾಂಕಿನಲ್ಲಿ ಅಡವು ಸೇರಿದ್ದವು. ಅವಿನ್ನೂ ಬಿಡಿಸಲ್ಪಟ್ಟಿಲ್ಲ.