ಹಾವು ಯಾವುದು, ಪೊರೆ ಯಾವುದು?

ಜನಪ್ರಿಯವಾದ ಹಳೆಯ ಚಿತ್ರವೊಂದರ ಹೆಸರನ್ನು ಹೊತ್ತು ಹೊಸ ಚಿತ್ರ ಬರುತ್ತದೆಂಬ ಸುದ್ದಿ ಹೊರಟಾಗಲೆಲ್ಲ ಅಭಿಮಾನಿಗಳಲ್ಲಿ ಎರಡು ಬಣಗಳು ಏಳುತ್ತವೆ. 'ಮುಟ್ಟಬೇಡಿ, ಅದು ನಮ್ಮದು' ಎನ್ನುವುದು ಒಂದು ಬಣ. 'ಮೊದಲ ದಿನದ ಮೊದಲ ಆಟಕ್ಕೇ ಟಿಕೆಟ್ ಬೇಕು' ಎನ್ನುವುದು ಇನ್ನೊಂದು. ಬೆಳಿಗ್ಗೆ ಮೊದಲ ಬಣದಲ್ಲಿದ್ದವನು ಸಂಜೆಗೆ ಎರಡನೆಯದರ ಸಾಲಿನಲ್ಲಿ ನಿಂತಿರುವುದೂ ಉಂಟು. ಇದನ್ನೆಲ್ಲ ಹುಡುಗಾಟವೆಂದು ತಳ್ಳಿಹಾಕುವುದು ಪ್ರಾಜ್ಞರ ರೂಢಿ. ನನಗೆ ಹಾಗನ್ನಿಸುವುದಿಲ್ಲ. ಒಂದು ಸಮುದಾಯವು ತನ್ನ ನೆನಪಿನ ಮೇಲೆ ತನಗಿರುವ ಹಕ್ಕನ್ನು ಕುರಿತು ಆಡುವ ಜಗಳವಿದು. ನಾಡಿನಿಂದ ದೂರ ನೆಲೆಸಿರುವ ನಮಗಂತೂ ನೆನಪೇ ಆಸ್ತಿ. ಆದುದರಿಂದ ಈ ಜಗಳದಲ್ಲಿ ನಮಗೂ ಪಾಲುಂಟು.

'ನಾಗರಹಾವು' ಎಂಬ ಒಂದೇ ಹೆಸರಿನ ಚರಿತ್ರೆಯನ್ನು ಹಿಡಿದು ನೋಡಿದರೆ ವಿಷಯ ತಿಳಿಯಾಗುತ್ತದೆ. ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲರು 1972ರಲ್ಲಿ ಚಿತ್ರ ಮಾಡಿದರು. ವಿಷ್ಣುವರ್ಧನರ ರಾಮಾಚಾರಿ, ಅಂಬರೀಷರ ಜಲೀಲ, ಅಶ್ವತ್ಥರ ಚಾಮಯ್ಯ ಮೇಷ್ಟ್ರು ಇವರೆಲ್ಲ ಕನ್ನಡ ಮನೆಗಳ ಬಂಧುಗಳೇ ಆಗಿಬಿಟ್ಟರು. ಚಿತ್ರದುರ್ಗದ ಕೋಟೆಯನ್ನು ಕಣ್ಣಾರೆ ಕಾಣದವರಿಗೂ ಅದರ ಬಂಡೆಗಳ ಪರಿಚಯವಾಯಿತು. ಆದರೆ ಅಂದು ಆ ಚಿತ್ರಕ್ಕೆ ಮುನಿದ ಮೊದಲಿಗರು ಯಾರು? ಸ್ವತಃ ಕಾದಂಬರಿಕಾರರೇ. ತಮ್ಮ ನಾಗರಹಾವನ್ನು ನಿರ್ದೇಶಕರು ಕೇರೆಹಾವು ಮಾಡಿದರೆಂದು ತ.ರಾ.ಸು. ಮೂದಲಿಸಿದ ಸಂಗತಿ ಪ್ರಸಿದ್ಧವಾಗಿದೆ. ಇಂದು ನಾವು ಯಾವುದನ್ನು ಮುಟ್ಟಬಾರದ ಮೂಲವೆಂದು ಕಾಯುತ್ತಿದ್ದೇವೆಯೋ ಅದೇ ಒಂದು ಕಾಲಕ್ಕೆ ಮೂಲವನ್ನು ಮುಟ್ಟಿದ ಅಪರಾಧಿಯಾಗಿತ್ತು!

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಪುಟ್ಟಣ್ಣನವರೇ 1974ರಲ್ಲಿ ರಿಷಿ ಕಪೂರರನ್ನು ನಾಯಕನನ್ನಾಗಿ ಮಾಡಿಕೊಂಡು ಹಿಂದಿಯಲ್ಲಿ 'ಜಹರೀಲಾ ಇನ್ಸಾನ್' ತೆಗೆದರು. ಅದೇ ನಿರ್ದೇಶಕ, ಅದೇ ದುರ್ಗ, ಅದೇ ಕಥೆ. ಆದರೂ ಕನ್ನಡದಲ್ಲಿ ದೊರೆತ ಜಯ ಅಲ್ಲಿ ದೊರೆಯಲಿಲ್ಲ. ಅದೇ ವರ್ಷ ತೆಲುಗಿನಲ್ಲಿ ಶೋಭನ್ ಬಾಬು ಅಭಿನಯದ 'ಕೋಡೆನಾಗು' ಬಂತು, ತಮಿಳಿನಲ್ಲಿ 'ರಾಜನಾಗಂ' ಬಂತು. ಕಥೆ ಊರು ಬಿಟ್ಟು ಹೋಗಬಲ್ಲುದು. ಅದರ ಉಸಿರು ಜೊತೆಗೆ ಹೋಗುತ್ತದೆಂಬ ಭರವಸೆಯಿಲ್ಲ. ಊರು ಬಿಟ್ಟು ಬಂದ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಆಮೇಲೆ ಹೆಸರಿನ ಬಳಕೆ ಬೇರೆ ದಾರಿ ಹಿಡಿಯಿತು. 2002ರಲ್ಲಿ ಉಪೇಂದ್ರ ನಟಿಸಿದ 'ನಾಗರಹಾವು' ಬಂದಾಗ ಅದರಲ್ಲಿ ದುರ್ಗವೂ ಇರಲಿಲ್ಲ, ಮೇಷ್ಟ್ರೂ ಇರಲಿಲ್ಲ. ಅದು 1993ರ ಹಿಂದಿ ಚಿತ್ರ 'ಬಾಜಿಗರ್'ನ ಕನ್ನಡ ರೂಪವಾಗಿತ್ತು. 2016ರಲ್ಲಿ ಕೋಡಿ ರಾಮಕೃಷ್ಣ ಅವರ ನಿರ್ದೇಶನದಲ್ಲಿ ಮತ್ತೊಂದು 'ನಾಗರಹಾವು' ಬಂತು. 2009ರ ಡಿಸೆಂಬರ್‌ನಲ್ಲಿ ನಮ್ಮನ್ನಗಲಿದ ವಿಷ್ಣುವರ್ಧನರ ಮುಖವನ್ನು ಗಣಕಯಂತ್ರದ ನೆರವಿನಿಂದ ಅದರಲ್ಲಿ ಮರುಸೃಷ್ಟಿಸಲಾಗಿತ್ತು. ಕೊನೆಗೆ 2018ರ ಜುಲೈಯಲ್ಲಿ 1972ರ ಚಿತ್ರವೇ ಮರಳಿ ಬಂತು. ಚಿತ್ರಿಕೆಗಳ ಕೊಳೆ ತೆಗೆದು, ಸಿನಿಮಾಸ್ಕೋಪ್ ಪರದೆಗೆ ಹೊಂದಿಸಿ, ಧ್ವನಿಯನ್ನು ಇಂದಿನ ಚಿತ್ರಮಂದಿರಗಳಿಗೆ ತಕ್ಕಂತೆ ಪರಿಷ್ಕರಿಸಿ ಅದನ್ನು ಬಿಡುಗಡೆ ಮಾಡಿದಾಗ ಜನ ಹಬ್ಬದಂತೆ ಬರಮಾಡಿಕೊಂಡರು.

ಹೀಗೆ ಒಂದೇ ಹೆಸರು ಕಾದಂಬರಿ, ರೂಪಾಂತರ, ಭಾಷಾಂತರ, ಬರಿಯ ಶೀರ್ಷಿಕೆ, ಯಂತ್ರದ ಛಾಯೆ, ಜೀರ್ಣೋದ್ಧಾರ ಎಂಬ ಆರು ಅವಸ್ಥೆಗಳನ್ನು ಕಂಡಿದೆ. ಇವೆಲ್ಲವನ್ನೂ ಒಂದೇ ಕೋಲಿನಿಂದ ಹೊಡೆಯುವುದು ಅಥವಾ ಒಂದೇ ಆರತಿಯಿಂದ ಬೆಳಗುವುದು ವಿವೇಕವಲ್ಲ. ಹಾವು ಪೊರೆ ಕಳಚುವುದು ಬೆಳೆಯುವುದಕ್ಕಾಗಿ. ಹಾವು ಹೋದ ಮೇಲೆ ಬಿದ್ದಿರುವ ಪೊರೆಯೂ ದೂರಕ್ಕೆ ಹಾವಿನಂತೆಯೇ ಕಾಣುತ್ತದೆ. ಅಭಿಮಾನಿಯು ಕೇಳಬೇಕಾದ ಪ್ರಶ್ನೆ ಇಷ್ಟೆ: ಹೊಸಬರಿಗೆ ಹಳೆಯ ಕೃತಿ ಬೇಕಾಗಿದೆಯೋ, ಅದರ ಹೆಸರು ಮಾತ್ರ ಬೇಕಾಗಿದೆಯೋ? ಕೃತಿ ಬೇಕಾದವನು ಅದರೊಡನೆ ಜಗಳವಾಡಿಯಾನು, ಪುಟ್ಟಣ್ಣನವರು ತ.ರಾ.ಸು. ಅವರೊಡನೆ ಆಡಿದಂತೆ. ಹೆಸರು ಮಾತ್ರ ಬೇಕಾದವನಿಗೆ ನಮ್ಮ ನೆನಪು ಒಂದು ಜಾಹೀರಾತು ಫಲಕ.

ರೀಮೇಕ್ ಎಂದೊಡನೆ ಮೂಗು ಮುರಿಯುವವರೂ ಇದ್ದಾರೆ. ಕನ್ನಡದಲ್ಲಿ ಡಬ್ಬಿಂಗ್ ಬಾರದಂತೆ ಚಿತ್ರೋದ್ಯಮವು ದಶಕಗಳ ಕಾಲ ತಡೆಹಿಡಿದಿತ್ತೆಂಬುದನ್ನೂ, 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆ ತಡೆಯನ್ನು ತಪ್ಪೆಂದು ತೀರ್ಪಿತ್ತಿತೆಂಬುದನ್ನೂ ಅವರು ನೆನೆಯಬೇಕು. ನೆರೆಯ ಕಥೆಗಳು ಅಷ್ಟು ಕಾಲ ನಮ್ಮ ನುಡಿಗೆ ಬರಲು ರೀಮೇಕೇ ಬಾಗಿಲಾಗಿತ್ತು. ಆ ಬಾಗಿಲಿನಿಂದ ಬಂದುದರಲ್ಲಿ ಜೊಳ್ಳು ಹೆಚ್ಚು, ನಿಜ. ಗಟ್ಟಿ ಕಾಳೂ ಇತ್ತು.

1993ರ ಮಲಯಾಳ ಚಿತ್ರ 'ಮಣಿಚಿತ್ರತ್ತಾಳ್' ಅನ್ನು ನೋಡಿ. ಅದನ್ನು ಪಿ. ವಾಸು ಅವರು 2004ರಲ್ಲಿ ಕನ್ನಡದಲ್ಲಿ 'ಆಪ್ತಮಿತ್ರ'ವಾಗಿಯೂ ಮರುವರ್ಷ ತಮಿಳಿನಲ್ಲಿ 'ಚಂದ್ರಮುಖಿ'ಯಾಗಿಯೂ ತಂದರು. ಪ್ರಿಯದರ್ಶನ್ 2007ರಲ್ಲಿ ಹಿಂದಿಗೆ 'ಭೂಲ್ ಭುಲಯ್ಯಾ' ಎಂದು ಒಯ್ದರು. ಮಲಯಾಳದಲ್ಲಿ ಮೈಮೇಲೆ ಬಂದ ನರ್ತಕಿ ತಮಿಳು ನುಡಿಯುತ್ತಾಳೆ. ಕನ್ನಡದ ನಾಗವಲ್ಲಿ ತೆಲುಗು ನುಡಿಯುತ್ತಾಳೆ, ತಮಿಳಿನ ಚಂದ್ರಮುಖಿಯೂ ತೆಲುಗನ್ನೇ. ಹಿಂದಿಯ ಮಂಜುಲಿಕಾ ಬಂಗಾಳಿ ಮಾತಾಡುತ್ತಾಳೆ. ದೆವ್ವಕ್ಕೆ ತಮ್ಮ ನುಡಿಯನ್ನು ಕೊಡಲು ಯಾರೂ ಒಪ್ಪಲಿಲ್ಲ. ಎಲ್ಲರೂ ನೆರೆಯವರ ನುಡಿಯನ್ನೇ ಕೊಟ್ಟರು! ಪರಭಾಷೆಯ ಬೀದಿಯಲ್ಲಿ ಬಾಳುವ ನಮಗೆ ಈ ಮಾತು ಒಂದಿಷ್ಟು ನಗುವನ್ನೂ ಒಂದಿಷ್ಟು ಚಿಂತೆಯನ್ನೂ ಹುಟ್ಟಿಸಬೇಕು. ಕಥೆ ಹೊಸ ನೆಲದಲ್ಲಿ ನಿಲ್ಲಬೇಕಾದರೆ ಆ ನೆಲದ ನೆರೆಹೊರೆಯನ್ನು ಅರಿತಿರಬೇಕೆಂಬುದಕ್ಕೆ ಇದು ಸಾಕ್ಷಿ.

'ಆಪ್ತಮಿತ್ರ' ತೆರೆ ಕಾಣುವ ಮುನ್ನವೇ, 2004ರ ಏಪ್ರಿಲ್‌ನಲ್ಲಿ, ಸೌಂದರ್ಯ ವಿಮಾನಾಪಘಾತದಲ್ಲಿ ತೀರಿಕೊಂಡರು. ಅದರ ಮುಂದಿನ ಕಂತಾದ 'ಆಪ್ತರಕ್ಷಕ' 2010ರಲ್ಲಿ ಬರುವ ವೇಳೆಗೆ ವಿಷ್ಣುವರ್ಧನರಿರಲಿಲ್ಲ. ಕನ್ನಡ ಪ್ರೇಕ್ಷಕನಿಗೆ ಇವು ಬರಿಯ ದೆವ್ವದ ಕಥೆಗಳಲ್ಲ, ಇಬ್ಬರು ಕಲಾವಿದರನ್ನು ಬೀಳ್ಕೊಟ್ಟ ಚಿತ್ರಗಳು. ಇದನ್ನರಿಯದ ಮುಂಬಯಿಯ ನೆರೆಯವನು 2022 ಮತ್ತು 2024ರಲ್ಲಿ ಬಂದ ಹಿಂದಿಯ ಎರಡನೆಯ, ಮೂರನೆಯ ಕಂತುಗಳನ್ನು ನೋಡಿ ನಕ್ಕು ಬಂದರೆ ಅವನ ತಪ್ಪಿಲ್ಲ. ನಮ್ಮ ಮನೆಯ ಮಗುವಿಗೂ ಮಂಜುಲಿಕೆ ಗೊತ್ತು, ನಾಗವಲ್ಲಿ ಗೊತ್ತಿಲ್ಲ ಎಂದಾದರೆ ಅದು ಯಾರ ಲೋಪ?

ನಿಜವಾದ ಆತಂಕ ಇಲ್ಲಿದೆ. 2018ರ 'ಕೆ.ಜಿ.ಎಫ್.', 2022ರ 'ಕಾಂತಾರ' ಇವು ಹಿಂದಿಗೆ ಡಬ್ ಆಗಿ ನಮ್ಮ ನಗರಗಳ ಚಿತ್ರಮಂದಿರಗಳನ್ನು ತುಂಬಿದಾಗ ನಾವು ಎದೆಯುಬ್ಬಿಸಿ ನಡೆದೆವು. ಅದು ಸಹಜವೇ. ಆದರೆ ನಮ್ಮಲ್ಲಿ ಅನೇಕರ ಮಕ್ಕಳು ಆ ಕನ್ನಡ ಚಿತ್ರಗಳನ್ನು ನೋಡಿದ್ದು ಹಿಂದಿಯಲ್ಲಿ. ಹೊಸ ಚಿತ್ರವು ಹಳೆಯ ಚಿತ್ರಕ್ಕೆ ದ್ರೋಹ ಬಗೆಯಿತೆಂದು ಹೌಹಾರುವ ನಾವು, ಮೂಲ ನುಡಿಯೇ ಮನೆಯೊಳಗೆ ಡಬ್ ಆಗುತ್ತಿರುವಾಗ ಸುಮ್ಮನಿದ್ದೇವೆ.

ಇನ್ನೊಂದು ಮಾತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ತೆರೆ ಕಂಡಿತು. ಅದು ತಯಾರಾದದ್ದು ಬೆಂಗಳೂರಿನಲ್ಲಲ್ಲ, ಮಹಾರಾಷ್ಟ್ರದ ಕೊಲ್ಹಾಪುರದ ಸ್ಟುಡಿಯೋದಲ್ಲಿ. ಕನ್ನಡ ಚಿತ್ರರಂಗ ಹುಟ್ಟಿದ್ದೇ ಹೊರನಾಡಿನಲ್ಲಿ ಎಂದರೆ ತಪ್ಪಾಗದು. ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದನ್ನು ಯಾರೂ ಕೆಡಿಸಿ ಮರುನಿರ್ಮಿಸಲಿಲ್ಲ. ಯಾರೂ ಅದರ ಹೆಸರನ್ನು ಕದಿಯಲಿಲ್ಲ. ಅದು ಸುಮ್ಮನೆ ಕಳೆದುಹೋಯಿತು. ಕೆಟ್ಟ ರೀಮೇಕು ಮೂಲವನ್ನು ಕೊಲ್ಲಲಾರದು, ಮೂಲವಿದ್ದರೆ ಹೋಲಿಸಿ ನೋಡಿ ನಗಬಹುದು. ಉಪೇಕ್ಷೆ ಕೊಲ್ಲುತ್ತದೆ. ನಮ್ಮ ಸಿಟ್ಟನ್ನೆಲ್ಲ ಮೊದಲನೆಯದರ ಮೇಲೆ ಸುರಿದು ಎರಡನೆಯದಕ್ಕೆ ಏನನ್ನೂ ಉಳಿಸದಿರುವುದು ಲೆಕ್ಕ ತಪ್ಪಿದ ವ್ಯಾಪಾರ.

ಆದುದರಿಂದ ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಎರಡೇ. ವರ್ಷಕ್ಕೆ ನಾಲ್ಕು ಸಲವಾದರೂ ನಮ್ಮ ಸಭಾಂಗಣದಲ್ಲಿ ಹಳೆಯ ಕನ್ನಡ ಚಿತ್ರವೊಂದನ್ನು, ನುಡಿ ಬಾರದ ಮಕ್ಕಳಿಗೂ ಸೊಸೆ ಅಳಿಯಂದಿರಿಗೂ ತಿಳಿಯುವಂತೆ ಉಪಶೀರ್ಷಿಕೆಯೊಡನೆ ತೋರಿಸೋಣ. ಚಿತ್ರ ಮುಗಿದ ಮೇಲೆ ಹಿರಿಯರೊಬ್ಬರು ಅರ್ಧ ಗಂಟೆ ಮಾತಾಡಲಿ. ಎರಡನೆಯದಾಗಿ, ಅಟ್ಟದ ಮೇಲಿನ ಟ್ರಂಕುಗಳಲ್ಲಿ ಹಳೆಯ ಹಾಡಿನ ಪುಸ್ತಕ, ಭಿತ್ತಿಪತ್ರ, ಚಿತ್ರದ ಸುರುಳಿ ಏನಾದರೂ ಇದ್ದರೆ ರದ್ದಿಗೆ ಹಾಕಬೇಡಿ. ಪುಣೆಯಲ್ಲಿ 1964ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ. ಅಲ್ಲಿಗೆ ತಲುಪಿಸಲು ಸಂಘ ನೆರವಾಗಬೇಕು.

ಹೊಸ ಚಿತ್ರಗಳು ಬರಲಿ. ಒಳ್ಳೆಯವಾದರೆ ಚಪ್ಪಾಳೆ ತಟ್ಟೋಣ, ಕೆಟ್ಟವಾದರೆ ಮುಲಾಜಿಲ್ಲದೆ ಬಯ್ಯೋಣ. ಅಭಿಮಾನಿಗೆ ಎರಡಕ್ಕೂ ಹಕ್ಕಿದೆ. ಬಯ್ಯುವವನ ಮನೆಯಲ್ಲಿ ಮೂಲವು ಜೀವಂತವಾಗಿರಬೇಕು, ಅಷ್ಟೇ.