ಹಿಂಬಾಗಿಲು ತೋರಿಸುವವರಿಗೆ ಒಂದು ಪ್ರತ್ಯುತ್ತರ

ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆಯ ಹುಡುಗ ಹುಡುಗಿಯರು ಈಗ ಊರಲ್ಲೇ ಕುಳಿತು ಹೊರದೇಶದ ಗಿರಾಕಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಾರೆ, ವಿಡಿಯೊ ಎಡಿಟ್ ಮಾಡುತ್ತಾರೆ, ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಇವರಲ್ಲಿ ಯಾರಾದರೂ ‘ಇದೇ ಕೆಲಸ ಇಟ್ಟುಕೊಂಡು ಆರು ತಿಂಗಳು ಹೊರದೇಶದಲ್ಲಿದ್ದು ಬರುತ್ತೇನೆ, ಅದಕ್ಕೆಂದೇ ವೀಸಾ ಇದೆಯಂತೆ’ ಎಂದರೆ ಸಾಕು, ಮದುವೆ ಮನೆಯ ಪಂಕ್ತಿಯಿಂದ ಟ್ರಾವೆಲ್ ಏಜೆನ್ಸಿಯ ಮೇಜಿನವರೆಗೆ ಬುದ್ಧಿವಾದ ಶುರುವಾಗುತ್ತದೆ. ಆ ಬುದ್ಧಿವಾದದಲ್ಲಿ ಹೆಚ್ಚಿನದು ತಪ್ಪು, ಕೆಲವು ಮಾತುಗಳಂತೂ ಅಪಾಯಕಾರಿ. ಹಾಗಾಗಿ ಒಂದೊಂದಕ್ಕೂ ಉತ್ತರ ಕೊಡಬೇಕಾಗಿದೆ.

‘ಟೂರಿಸ್ಟ್ ಆಗಿ ಹೋಗ್ಬಿಡು, ರೂಮಲ್ಲಿ ಲ್ಯಾಪ್‌ಟಾಪ್ ತೆಗೆದು ಏನ್ ಮಾಡ್ತೀಯ ಅಂತ ಯಾರ್ ಕೇಳ್ತಾರೆ?’ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ಇದು. ಥಾಯ್ಲೆಂಡ್ 2024ರ ಜುಲೈ 15ರಿಂದ ಭಾರತವೂ ಸೇರಿ 93 ದೇಶಗಳ ಪ್ರವಾಸಿಗರನ್ನು 60 ದಿನಕ್ಕೆ ವೀಸಾ ಇಲ್ಲದೆ ಬಿಟ್ಟುಕೊಳ್ಳತೊಡಗಿದ ಮೇಲೆ ಇದಕ್ಕೆ ಬಲ ಬಂತು. ಆದರೆ ಅದೇ ದಿನ ಆ ದೇಶ ದೂರದಿಂದ ಕೆಲಸ ಮಾಡುವವರಿಗೆಂದು ಡಿಟಿವಿ ಎಂಬ ಬೇರೆ ವೀಸಾವನ್ನೂ ಜಾರಿಗೆ ತಂದಿತು. ಅದಕ್ಕೆ ಐದು ವರ್ಷದ ಚಾಲ್ತಿ. ಒಮ್ಮೆ ಹೋದರೆ 180 ದಿನ ಇರಬಹುದು, ಅಲ್ಲೇ ಅರ್ಜಿ ಕೊಟ್ಟು ಇನ್ನೊಂದು 180 ದಿನದವರೆಗೆ ವಿಸ್ತರಣೆ ಕೇಳಬಹುದು, ಎಷ್ಟು ಸಲ ಬೇಕಾದರೂ ಹೋಗಿಬರಬಹುದು. ಪ್ರವಾಸಿಗೊಂದು, ದುಡಿಯುವವನಿಗೊಂದು ಬಾಗಿಲು ಇಟ್ಟ ಮೇಲೆ ತಪ್ಪು ಬಾಗಿಲಲ್ಲಿ ನುಗ್ಗಿದವನಿಗೆ ‘ಗೊತ್ತಿರಲಿಲ್ಲ’ ಎನ್ನುವ ನೆಪ ಉಳಿಯುವುದಿಲ್ಲ. ಅವಧಿ ಮೀರಿ ನಿಂತರೆ ಅಲ್ಲಿ ದಿನಕ್ಕೆ 500 ಬಾತ್ ದಂಡ. ಅನುಮತಿಯಿಲ್ಲದ ಕೆಲಸಕ್ಕೆ ದಂಡದ ಜೊತೆ ಗಡೀಪಾರೂ ಆಗಬಹುದು. ಗಡೀಪಾರಾದವನ ಕಷ್ಟ ಆ ಒಂದು ದೇಶಕ್ಕೆ ಮುಗಿಯುವುದಿಲ್ಲ. ‘ಹಿಂದೆ ಯಾವುದಾದರೂ ದೇಶ ನಿಮ್ಮನ್ನು ಹೊರಹಾಕಿತ್ತೇ?’ ಎಂದು ಕೇಳುವ ವೀಸಾ ಅರ್ಜಿಗಳು ಬಹಳ, ಅಲ್ಲೆಲ್ಲ ಅವನು ಹೌದು ಎಂದೇ ಬರೆಯಬೇಕು.

ಎರಡನೆಯ ಆಕ್ಷೇಪ ಕೇಳುವುದಕ್ಕೆ ನ್ಯಾಯವಾಗಿದೆ: ‘ಸಂಬಳದ ಚೀಟಿ ಇಲ್ಲ, ಕಂಪನಿ ಇಲ್ಲ, ಎಚ್‌ಆರ್ ಇಲ್ಲ. ಫ್ರೀಲಾನ್ಸರ್‌ಗೆ ಯಾವ ದೇಶ ವೀಸಾ ಕೊಡುತ್ತೆ?’ ಕೊಡುತ್ತವೆ. ಡಿಟಿವಿಗೆ ಉದ್ಯೋಗ ಕರಾರು ಇಲ್ಲದವರು ತಮ್ಮ ಕೆಲಸದ ಪೋರ್ಟ್‌ಫೋಲಿಯೊ ಕೊಡಬಹುದು. ಸ್ಪೇನ್ ತನ್ನ 28/2022ನೇ ಕಾನೂನಿನಲ್ಲಿ ಸ್ವತಂತ್ರವಾಗಿ ದುಡಿಯುವವರನ್ನು ಹೆಸರಿಸಿಯೇ ಸೇರಿಸಿಕೊಂಡಿದೆ. ಗಿರಾಕಿ ಕಂಪನಿ ಕನಿಷ್ಠ ಒಂದು ವರ್ಷದಿಂದ ನಡೆಯುತ್ತಿರಬೇಕು, ನಿಮಗೂ ಅದಕ್ಕೂ ಮೂರು ತಿಂಗಳ ವ್ಯವಹಾರ ಆಗಿರಬೇಕು, ಸ್ಪೇನಿನ ಒಳಗಿನ ಗಿರಾಕಿಗಳ ಕೆಲಸ ಒಟ್ಟು ಕೆಲಸದ ಶೇಕಡಾ 20 ದಾಟಬಾರದು. ಪದವಿ ಇಲ್ಲದಿದ್ದರೆ ಮೂರು ವರ್ಷದ ಅನುಭವವೂ ನಡೆಯುತ್ತದೆ. ಅರಸೀಕೆರೆಯಲ್ಲಿ ಮದುವೆ ವಿಡಿಯೊ ಎಡಿಟಿಂಗ್‌ನಿಂದ ಕೈ ಪಳಗಿಸಿಕೊಂಡವರು ಈ ಕೊನೆಯ ಷರತ್ತನ್ನು ಎರಡು ಸಲ ಓದಬೇಕು.

ಇಲ್ಲಿ ಕೈಕೊಡುವುದು ಫ್ರೀಲಾನ್ಸ್ ಕೆಲಸವಲ್ಲ, ಆ ಕೆಲಸಕ್ಕೆ ಕಾಗದ ಇಲ್ಲದಿರುವುದು. ನಮ್ಮಲ್ಲಿ ಬಿಲ್ ಬರೆಯುವ ರೂಢಿ ಕಡಿಮೆ. ಗಿರಾಕಿ ವಾಟ್ಸಾಪಿನಲ್ಲಿ ಹೇಳುತ್ತಾನೆ, ಇವರು ಮಾಡಿ ಕಳಿಸುತ್ತಾರೆ, ಹಣ ಒಮ್ಮೆ ಅಣ್ಣನ ಖಾತೆಗೆ, ಒಮ್ಮೆ ಸ್ನೇಹಿತನ ಖಾತೆಗೆ ಬರುತ್ತದೆ. ವೀಸಾ ಅಧಿಕಾರಿ ಇದನ್ನು ನಂಬಲಾರ, ನಂಬಬೇಕೆಂದು ನಾವು ಕೇಳುವುದೂ ಸರಿಯಲ್ಲ. ಸಹಿಯಾದ ಕರಾರು, ಕ್ರಮಸಂಖ್ಯೆ ಇರುವ ಬಿಲ್ಲು, ಆ ಬಿಲ್ಲಿನ ಮೊತ್ತವೇ ನಿಮ್ಮ ಹೆಸರಿನ ಖಾತೆಗೆ ಬಂದದ್ದಕ್ಕೆ ಬ್ಯಾಂಕಿನ ದಾಖಲೆ, ವರ್ಷವರ್ಷದ ಐಟಿ ರಿಟರ್ನ್ ಇರಬೇಕು. ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಅದಕ್ಕೆ ಶುಲ್ಕವಿಲ್ಲ. ಇನ್ನೊಂದು ಸೂಕ್ಷ್ಮವಿದೆ. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಮಿನಡಿ ತಾಂತ್ರಿಕ ಸಲಹೆಯಂಥ ವೃತ್ತಿಯವರು ಬಂದ ಹಣದ ಅರ್ಧವನ್ನು ಆದಾಯವೆಂದು ತೋರಿಸಿ ರಿಟರ್ನ್ ಹಾಕಬಹುದಿತ್ತು. ಹಾಗೆ ಹಾಕಿದವರ ರಿಟರ್ನ್ ನೋಡಿದರೆ ದುಡಿಮೆ ಅರ್ಧವೇ ಕಾಣುತ್ತದೆ. ಅಂಥವರು ಸಿಎ ಅವರಿಂದ ಒಟ್ಟು ವಸೂಲಿಯ ವಿವರವನ್ನೂ ಬರೆಸಿ ಜೊತೆಗಿಡಬೇಕು. ಅರ್ಹತೆ ಇದ್ದೂ ಅರ್ಜಿ ಬಿದ್ದುಹೋಗುವುದು ಇಂಥ ಕಡೆಗಳಲ್ಲಿ.

ಹೆಸರಿನದ್ದು ನಮ್ಮ ಸೀಮೆಯದೇ ತೊಡಕು. ನಮ್ಮಲ್ಲಿ ಹೆಸರಿಗೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಅಂಟಿರುತ್ತದೆ. ಪಾಸ್‌ಪೋರ್ಟ್ ಅರ್ಜಿ ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಆಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೊಂದು, ಪ್ಯಾನ್‌ನಲ್ಲೊಂದು, ಬ್ಯಾಂಕಿನಲ್ಲೊಂದು ಹೆಸರಾಗುತ್ತದೆ. ಕೆಲವರು ಇನಿಷಿಯಲ್ ಬಿಟ್ಟು ಒಂದೇ ಹೆಸರಿನಲ್ಲಿ ಪಾಸ್‌ಪೋರ್ಟ್ ಮಾಡಿಸುತ್ತಾರೆ. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿನವರಿಗೆ ಪ್ರವಾಸಿ ಮತ್ತು ವಿಸಿಟ್ ವೀಸಾ ನಿಲ್ಲಿಸಿದಾಗ ಅಂಥವರು ಪೇಚಿಗೆ ಸಿಕ್ಕಿದರು. ವೀಸಾದ ಯೋಚನೆ ಬರುವ ಮೊದಲೇ ಹೆಸರನ್ನು ಎಲ್ಲ ಕಡೆ ಒಂದೇ ಮಾಡಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಪಾಸ್‌ಪೋರ್ಟ್ ಅರ್ಜಿಗೆ ಆ ಅಂಕಪಟ್ಟಿ ತಪ್ಪದೆ ಲಗತ್ತಿಸಿ. ಇಲ್ಲದಿದ್ದರೆ ಇಸಿಆರ್ ಎಂಬ ಮುದ್ರೆ ಬೀಳಬಹುದು. ಆ ಮುದ್ರೆ ಇರುವವರು ಉದ್ಯೋಗಕ್ಕೆ ಹೋಗುವಾಗ ವಲಸೆ ಅನುಮತಿ ಪಡೆಯಬೇಕಾದ ದೇಶಗಳ ಪಟ್ಟಿಯಲ್ಲಿ ಥಾಯ್ಲೆಂಡ್, ಮಲೇಷ್ಯಾ, ಯುಎಇ ಮೂರೂ ಇವೆ.

‘ಅದೆಲ್ಲ ಕೋಟ್ಯಧೀಶರಿಗೆ’ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. 2020ರ ಆಗಸ್ಟ್‌ನಲ್ಲೇ ಇಂಥ ವೀಸಾ ತಂದ ಎಸ್ಟೋನಿಯಾ ತಿಂಗಳಿಗೆ 4,500 ಯೂರೊ ಆದಾಯ ಕೇಳುತ್ತದೆ. ಜಪಾನ್ 2024ರಲ್ಲಿ ತಂದದ್ದಕ್ಕೆ ವರ್ಷಕ್ಕೆ ಒಂದು ಕೋಟಿ ಯೆನ್ ಬೇಕು, ಅಷ್ಟಿದ್ದರೂ ಅದರ ಪಟ್ಟಿಯಲ್ಲಿ ಭಾರತವೇ ಇಲ್ಲ. ಆದರೆ ಮಲೇಷ್ಯಾದ ಡಿಇ ರಂತೌ ಎಂಬ ಇಂಥದೇ ವೀಸಾ ತಂತ್ರಜ್ಞಾನ ಕೆಲಸದವರಿಗೆ ಕೇಳುವುದು ವರ್ಷಕ್ಕೆ 24,000 ಡಾಲರ್. ಥಾಯ್ಲೆಂಡ್ ಕೇಳುವುದು ಖಾತೆಯಲ್ಲಿ 5 ಲಕ್ಷ ಬಾತ್, ನಮ್ಮ ಲೆಕ್ಕದಲ್ಲಿ ಹದಿಮೂರು ಹದಿನಾಲ್ಕು ಲಕ್ಷ ರೂಪಾಯಿ. ಸಣ್ಣ ಮೊತ್ತವಲ್ಲ, ಆದರೆ ನಾಲ್ಕೈದು ವರ್ಷ ನಿಯತ್ತಾಗಿ ದುಡಿದು ಕೂಡಿಟ್ಟ ಫ್ರೀಲಾನ್ಸರ್‌ಗೆ ಎಟುಕುವಂಥದ್ದು. ಇದಕ್ಕಾಗಿ ತೆಂಗಿನ ತೋಟ ಅಡ ಇಟ್ಟು ಖಾತೆ ತುಂಬಿಸುವವರಿದ್ದರೆ ಬೇಡವೆಂದು ಕೈಮುಗಿದು ಹೇಳುತ್ತೇನೆ. ಸಾಲದ ಹಣ ದಿಢೀರನೆ ಖಾತೆಗೆ ಬಂದದ್ದು ಸ್ಟೇಟ್‌ಮೆಂಟಿನಲ್ಲಿ ಎದ್ದು ಕಾಣುತ್ತದೆ.

‘ಏಜೆಂಟ್ ಇಲ್ದೆ ಆಗಲ್ಲ’ ಎಂಬುದಕ್ಕೆ ನನ್ನ ವಿರೋಧ ಅತಿ ಕಟುವಾದದ್ದು. 2025ರ ಜನವರಿ 1ರಿಂದ ಭಾರತದಲ್ಲಿ ಥಾಯ್ ವೀಸಾ ಅರ್ಜಿಯೆಲ್ಲ ಆನ್‌ಲೈನ್. ದೂರದಿಂದ ವೆಬ್‌ಸೈಟ್ ಕಟ್ಟಿಕೊಡುವವರಿಗೆ ಒಂದು ಫಾರಂ ತುಂಬಲು ಬಾರದೇ? ಕರಾರು ಓದಿ ಕೊಡಲು ವಕೀಲರೋ ಸಿಎ ಅವರೋ ಬೇಕೆನಿಸಿದರೆ ಹಣ ಕೊಟ್ಟು ಕೇಳಿ, ಅದು ಬೇರೆ. ‘ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ, ವೀಸಾ ನಮ್ಮದು’ ಎನ್ನುವವರನ್ನು ಮಾತ್ರ ಮನೆ ಬಾಗಿಲಿಗೂ ಸೇರಿಸಬೇಡಿ. ಇಂಥ ಮಾತು ನಂಬಿ ಹೋದ ಭಾರತೀಯರು ಗಡಿಯಾಚೆ ಮ್ಯಾನ್ಮಾರಿನ ಮ್ಯಾವಾಡಿಯ ಸೈಬರ್ ವಂಚನೆ ಕೇಂದ್ರಗಳಲ್ಲಿ ಸೆರೆಯಾದರು. 2025ರ ಮಾರ್ಚ್‌ನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಥಾಯ್ಲೆಂಡಿನ ಗಡಿಯೂರು ಮೇ ಸೊಟ್‌ನಿಂದ ಎರಡು ದಿನದಲ್ಲಿ 549 ಮಂದಿಯನ್ನು ಕರೆತಂದವು. ನಿಜವಾದ ದೂರ ಕೆಲಸದ ವೀಸಾದಲ್ಲಿ ಕೆಲಸ ಕೊಡಿಸುವವನಿಗೆ ಜಾಗವೇ ಇಲ್ಲ, ಏಕೆಂದರೆ ಕೆಲಸ ನಿಮ್ಮ ಕೈಯಲ್ಲಿ ಆಗಲೇ ಇರಬೇಕು.

‘ಹೊರಗಿದ್ದರೆ ತೆರಿಗೆ ಇಲ್ಲ’ ಎಂಬ ಆಸೆಯೂ ಸುಳ್ಳು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ 182 ದಿನ ಇಲ್ಲಿದ್ದವರು ನಿವಾಸಿಗಳು, ಅವರ ಎಲ್ಲ ದೇಶದ ಆದಾಯಕ್ಕೂ ಇಲ್ಲಿ ತೆರಿಗೆ ಇದೆ. ಥಾಯ್ಲೆಂಡಿನಲ್ಲೂ ಕ್ಯಾಲೆಂಡರ್ ವರ್ಷದಲ್ಲಿ 180 ದಿನ ತುಂಬಿದರೆ ಅಲ್ಲಿನ ತೆರಿಗೆ ನಿವಾಸಿಯಾಗುತ್ತೀರಿ. ಎರಡೂ ದೇಶಗಳ ನಡುವೆ ಒಪ್ಪಂದ ಇರುವುದರಿಂದ ಒಂದೇ ಆದಾಯಕ್ಕೆ ಎರಡು ಸಲ ಕಟ್ಟುವುದು ತಪ್ಪಬಹುದು, ಲೆಕ್ಕ ಕೊಡುವುದು ತಪ್ಪುವುದಿಲ್ಲ.

ಉಳಿದದ್ದು ಹಿರಿಯರ ಮಾತು: ‘ಊರು ಬಿಟ್ಟವರು ಊರಿಗಾಗಲ್ಲ.’ ಇದರ ಹಿಂದಿನ ಸಂಕಟ ನನಗೆ ಅರ್ಥವಾಗುತ್ತದೆ. ಮಕ್ಕಳು ಹೋದ ಮನೆಗಳಲ್ಲಿ ವಯಸ್ಸಾದವರಷ್ಟೇ ಉಳಿದಿರುವುದನ್ನು ಹಾರನಹಳ್ಳಿ, ಜಾವಗಲ್, ಬಾಣಾವರ ಎಲ್ಲಿ ಹೋದರೂ ನೋಡಬಹುದು. ಆದರೆ ಬೇಲೂರಿನ ಶಿಲ್ಪಗಳ ಕೆಳಗೆ ತನ್ನ ಹೆಸರು ಕೆತ್ತಿದ ದಾಸೋಜ ಬೇಲೂರಿನವನಲ್ಲ, ಬಳ್ಳಿಗಾವಿಯವನು. ಮಗ ಚಾವಣನೊಂದಿಗೆ ಬಂದು ದುಡಿದ, ತನ್ನ ಊರಿನ ಹೆಸರನ್ನೂ ಕಲ್ಲಿನಲ್ಲಿ ಬರೆದ. ರೂವಾರಿ ಮಲ್ಲಿತಮ್ಮನ ಹೆಸರು ನುಗ್ಗೇಹಳ್ಳಿಯಲ್ಲೂ ಇದೆ, ಸೋಮನಾಥಪುರದಲ್ಲೂ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಕೀರ್ತಿ ಇಂಥ ಅಲೆದು ದುಡಿದ ಕೈಗಳದ್ದೂ ಹೌದು. ಕಸುಬಿಗಾಗಿ ಊರು ದಾಟುವುದು ಈ ಸೀಮೆಗೆ ಹೊಸದಲ್ಲ. ಅಲ್ಲದೆ ಇದು ಕೊಲ್ಲಿ ದೇಶಕ್ಕೆ ಮಾಲೀಕನ ಹಂಗಿನಲ್ಲಿ ಹೋದಂತೆಯೂ ಅಲ್ಲ. ಇಲ್ಲಿ ವೀಸಾಕ್ಕೆ ಮಾಲೀಕನೇ ಇಲ್ಲ. ಅಪ್ಪನಿಗೆ ಹುಷಾರಿಲ್ಲವೆಂದರೆ ಯಾರ ಅಪ್ಪಣೆಯೂ ಬೇಡದೆ ಮರುದಿನವೇ ಹೊರಟು ಬರಬಹುದು.

ಎಲ್ಲರೂ ಹೋಗಿ ಎಂದು ನಾನು ಹೇಳುತ್ತಿಲ್ಲ. ಗಿರಾಕಿ ಅಮೆರಿಕದವನಾದರೆ ಬ್ಯಾಂಕಾಕ್‌ಗಿಂತ ಅರಸೀಕೆರೆಯ ಗಡಿಯಾರವೇ ಅನುಕೂಲ. ಹೋಗುವವರು ಮುಂಬಾಗಿಲಿನಿಂದ ಹೋಗಲಿ. ಷರತ್ತು, ಶುಲ್ಕ ಆಗಾಗ ಬದಲಾಗುತ್ತವೆ, ಅರ್ಜಿ ತಿರಸ್ಕಾರವಾದರೆ ಶುಲ್ಕ ವಾಪಸ್ ಬರುವುದಿಲ್ಲ. ಆದ್ದರಿಂದ ನನ್ನ ಮಾತನ್ನೂ ಸೇರಿಸಿ ಯಾರ ಮಾತನ್ನೂ ಕೊನೆಯದೆಂದು ಹಿಡಿಯದೆ, ಆಯಾ ದೇಶದ ರಾಯಭಾರ ಕಚೇರಿಯ ನಿಯಮವನ್ನು ನೀವೇ ಓದಿ, ಈ ತಿಂಗಳ ಮೊದಲ ಕೆಲಸಕ್ಕೇ ಕ್ರಮಸಂಖ್ಯೆ ಹಾಕಿದ ಬಿಲ್ ಬರೆಯಿರಿ.