ಇಂಚು ನೋಡಿದರೆ ಸಾಲದು



ಆದೋನಿ, ಎಮ್ಮಿಗನೂರು ಕಡೆ ಹಳೆಯ ಕಾರಿಗೆ ಅಲಾಯ್ ವೀಲ್ ಹಾಕಿಸುವ ಹುಡುಗರು ಇಂಚು ನೋಡುತ್ತಾರೆ, ಪಿಸಿಡಿ (ಬೋಲ್ಟುಗಳು ಕೂರುವ ವೃತ್ತದ ವ್ಯಾಸ) ಕೇಳುವುದಿಲ್ಲ. ಸ್ವಿಫ್ಟ್‌ನ ನಾಲ್ಕು ಬೋಲ್ಟುಗಳ ವೃತ್ತ 100 ಮಿ.ಮೀ., ಫಿಯೆಟ್ ಪುಂಟೊದ್ದು 98. ಎರಡೇ ಮಿಲಿಮೀಟರ್ ತಾನೇ ಎಂದು ಪುಂಟೊ ವೀಲನ್ನು ಸ್ವಿಫ್ಟ್‌ಗೆ ಬಿಗಿದರೆ ನಟ್ ಓರೆಯಾಗಿ ಕೂರುತ್ತದೆ, ಓಡುತ್ತ ಸಡಿಲಗೊಳ್ಳುತ್ತದೆ, ಸ್ಟಡ್ ಮುರಿಯಲೂಬಹುದು. ಆಫ್‌ಸೆಟ್ (ವೀಲಿನ ಅಗಲದ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮುಖಕ್ಕಿರುವ ದೂರ) ಕೂಡ ಹಾಗೆಯೇ: ವೀಲಿನ ಮೇಲಿನ ‘ಇಟಿ’ ಸಂಖ್ಯೆ 45ರಿಂದ 20ಕ್ಕೆ ಇಳಿದರೆ ಚಕ್ರ 25 ಮಿ.ಮೀ. ಹೊರಚಾಚಿ ಬೇರಿಂಗ್ ಮೇಲೆ ಭಾರ ಹೆಚ್ಚುತ್ತದೆ.

ಹತ್ತಿ ಹೇರಿದ ಲಾರಿಗಳು ಓಡಾಡುವ ಸಿರುಗುಪ್ಪ ರಸ್ತೆಯಲ್ಲಿ ಚಕ್ರ ಕಳಚಿದರೆ ಹಿಂದಿನ ಬೈಕಿನವನ ಗತಿಯೇನು? ಅಂಗಡಿಯವರು ಪಿಸಿಡಿ, ಆಫ್‌ಸೆಟ್, ನಡುವಿನ ತೂತಿನ ಅಳತೆಯನ್ನು ಬಿಲ್ಲಿನಲ್ಲೇ ಬರೆದುಕೊಡುವಂತೆ ಸಾರಿಗೆ ಇಲಾಖೆ ಕಡ್ಡಾಯ ಮಾಡಲಿ.

– ಒಬ್ಬ ಓದುಗ, ಆದೋನಿ